ವೆಲ್ಡಿಂಗ್ ಜನರೇಟರ್‌ನಿಂದ ಮನೆಗೆ ಕರೆಂಟ್: ಯಾವುದು ಸರಿ, ಯಾವುದು ಅಪಾಯ?

ಶ್ರೀನಿವಾಸಪುರ ಫ್ಯಾಬ್ರಿಕೇಷನ್

ಎಲ್ಲರಿಗೂ ನಮಸ್ಕಾರ. ಗ್ರಿಲ್, ಗೇಟು, ದನದ ಕೊಟ್ಟಿಗೆಯ ಶೀಟು, ಟ್ರಾಕ್ಟರ್ ಟ್ರೈಲರ್ ರಿಪೇರಿ, ಇವೇ ನನ್ನ ಅಂಗಡಿಯ ಕೆಲಸ. ಕರೆಂಟ್ ಇಲ್ಲದ ತೋಟಗಳಲ್ಲಿ ಬೇಲಿ ಕಂಬ ಬೆಸೆಯುವುದಕ್ಕೆಂದು ಪೆಟ್ರೋಲ್ ಎಂಜಿನ್ನಿನ ವೆಲ್ಡಿಂಗ್ ಜನರೇಟರ್ ಒಂದನ್ನು ಇಟ್ಟುಕೊಂಡಿದ್ದೇನೆ. ಅದರ ಪ್ಲೇಟಿನ ಮೇಲೆ ವೆಲ್ಡಿಂಗ್‌ಗೆ 200 ಆಂಪಿಯರ್ ಡಿಸಿ ಎಂದೂ, ಪಕ್ಕದ ಸಾಕೆಟ್‌ಗಳಿಗೆ 230 ವೋಲ್ಟ್, 50 ಹರ್ಟ್ಸ್, 5 ಕೆವಿಎ ಎಂದೂ ಬರೆದಿದೆ.

ಮಾವಿನಕಾಯಿ ಬಲಿಯುವ ಹೊತ್ತಿಗೆ ಬರುವ ಬಿರುಗಾಳಿ ಮಳೆಯ ಕಥೆ ಈ ಕಡೆಯವರಿಗೆಲ್ಲ ಗೊತ್ತು. ಮರ ಬಿದ್ದು ಕಂಬ ಮುರಿದರೆ ಒಂದೊಂದು ಸಲ ಎರಡು ದಿನ ಊರೆಲ್ಲ ಕತ್ತಲು. ಇನ್ವರ್ಟರ್ ಮೊದಲ ರಾತ್ರಿಗೇ ಸುಸ್ತಾಗುತ್ತದೆ. ತಂದೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿರುತ್ತದೆ, ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಬೇಕು. ಶೆಡ್ಡಿನಲ್ಲಿ ಸುಮ್ಮನೆ ನಿಂತಿರುವ ಯಂತ್ರವನ್ನೇ ಮನೆಗೆ ಬಳಸಬಹುದೇ?

ಊರಿನ ವೈರಿಂಗ್ ಕೆಲಸದವರೊಬ್ಬರು, ಎರಡೂ ತುದಿಗೆ ಪ್ಲಗ್ ಹಾಕಿದ ವೈರ್ ಮಾಡಿಕೊಡುತ್ತೇನೆ, ಮೇನ್ ಆಫ್ ಮಾಡಿ ಅಡುಗೆಮನೆಯ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ ಎನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ಹೇಳಿ.

ಬಂಗಾರಪೇಟೆ ಜನರೇಟರ್ ರಿಪೇರಿ

ಯಂತ್ರದ ವಿಷಯ ನಾನು ಹೇಳುತ್ತೇನೆ ಅಣ್ಣ. ಬಳಸಬಹುದು, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮ್ಮ ಯಂತ್ರದ ಒಳಗೆ ಎರಡು ಬೇರೆ ಬೇರೆ ಸ್ವಭಾವದ ಕರೆಂಟ್ ಹುಟ್ಟುತ್ತದೆ. ಹೋಲ್ಡರ್ ಮತ್ತು ಅರ್ತ್ ಕ್ಲ್ಯಾಂಪ್ ಸಿಕ್ಕಿಸುವ ದಪ್ಪ ಟರ್ಮಿನಲ್‌ಗಳಲ್ಲಿ ವೆಲ್ಡಿಂಗ್ ಕಡ್ಡಿ ಮುಟ್ಟಿಸುವ ಮೊದಲು 60ರಿಂದ 80 ವೋಲ್ಟ್ ಡಿಸಿ ಇರುತ್ತದೆ, ಆರ್ಕ್ (ಬೆಸುಗೆಯ ಕಿಡಿ) ಹೊತ್ತಿದ ಮೇಲೆ 20-30 ವೋಲ್ಟ್‌ಗೆ ಇಳಿಯುತ್ತದೆ. ವೋಲ್ಟ್ ಎಷ್ಟೇ ಬಿದ್ದರೂ ಆಂಪಿಯರ್ ಕೈಬಿಡದಂತೆ ಅದನ್ನು ಕಟ್ಟಿರುತ್ತಾರೆ. ಮನೆಯ ಯಾವ ಸಾಮಾನಿಗೂ ಅದರ ಹತ್ತಿರ ಕೆಲಸವಿಲ್ಲ. ಮನೆಗೆ ಬೇಕಾದದ್ದು 230 ವೋಲ್ಟ್ ಸಾಕೆಟ್‌ಗಳ ಕಡೆಯದು ಮಾತ್ರ.

5 ಕೆವಿಎ ಎಂದರೆ ಪೂರ್ತಿ 5 ಕಿಲೋವ್ಯಾಟ್ ಎಂದು ತಿಳಿಯಬೇಡಿ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೆ 4 ಕಿಲೋವ್ಯಾಟ್. ಪ್ಲೇಟಿನಲ್ಲಿ ಒಂದೇ ಅಂಕಿ ಇದ್ದರೆ ಅದು ನಿರಂತರ ಓಡಿಸುವ ಸಾಮರ್ಥ್ಯವೋ, ಕ್ಷಣಕಾಲ ತಡೆಯುವ ಗರಿಷ್ಠವೋ ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಇನ್ನೊಂದು ಸಂಗತಿ: 5 ಕೆವಿಎಗೆ ಸುಮಾರು 22 ಆಂಪಿಯರ್ ಬರುತ್ತದೆ, ಆದರೆ ಯಂತ್ರದ ಮೇಲಿನ ಒಂದು ಸಾಮಾನ್ಯ ಸಾಕೆಟ್ 16 ಆಂಪಿಯರ್‌ನದು. ಆ ಒಂದರಿಂದಲೇ ಮನೆಗೆ ಎಳೆದರೆ ನಿಮಗೆ ಸಿಗುವುದು ಮೂರೂವರೆ ಕೆವಿಎ ಆಸುಪಾಸು. ದೊಡ್ಡ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಇದ್ದರೆ ಅದನ್ನೇ ಬಳಸಿ.

ಬಹಳ ಜನರಿಗೆ ಕೈಕೊಡುವುದು ಆಟೊ ಐಡಲ್. ಪೆಟ್ರೋಲ್ ಉಳಿಸುವುದಕ್ಕಾಗಿ ಲೋಡ್ ಇಲ್ಲದಾಗ ಎಂಜಿನ್ ವೇಗವನ್ನು ತಾನೇ ಇಳಿಸುವ ವ್ಯವಸ್ಥೆ ಅದು. ವೆಲ್ಡಿಂಗ್‌ಗೆ ಅದು ವರ. ಮನೆಗೆ ಕೊಟ್ಟಾಗ ಮಾತ್ರ ತೊಂದರೆ. ನಾಲ್ಕು ಎಲ್‌ಇಡಿ ಬಲ್ಬಿನ ಲೋಡ್ ಅದರ ಸೆನ್ಸರ್‌ಗೆ ಲೆಕ್ಕಕ್ಕೇ ಇರುವುದಿಲ್ಲ, ಎಂಜಿನ್ ನಿಧಾನದಲ್ಲೇ ನಿಲ್ಲುತ್ತದೆ. ಸಾಕಷ್ಟು ವೋಲ್ಟೇಜೂ ಇಲ್ಲ, ಹರ್ಟ್ಸೂ ಇಲ್ಲ. ಆ ಸ್ಥಿತಿಯಲ್ಲಿ ಫ್ರಿಜ್ಜಿನ ಕಂಪ್ರೆಸರ್ ಏಳಲು ಹೋದರೆ ತಿರುಗದೆ ಗುಂಯ್‌ಗುಡುತ್ತದೆ, ವೈಂಡಿಂಗ್ ಬಿಸಿಯೇರುತ್ತದೆ. ಮನೆಗೆ ಜೋಡಿಸುವ ಮುನ್ನ ಆ ಗುಂಡಿಯನ್ನು ಆಫ್ ಮಾಡಿ ಎಂಜಿನ್ ಪೂರ್ತಿ ವೇಗದಲ್ಲಿ ಓಡುವಂತೆ ಇಡಿ.

ಹರ್ಟ್ಸ್ ತೋರಿಸುವ ಮಲ್ಟಿಮೀಟರ್ ಇದ್ದರೆ ಸಾಕೆಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಲೋಡ್ ಇಲ್ಲದಾಗ 52-53 ತೋರಿಸಿದರೆ ಸರಿಯಾಗಿಯೇ ಇದೆ ಎಂದರ್ಥ. ಲೋಡ್ ಬಿದ್ದಂತೆ, ಎಂಜಿನ್ ವೇಗ ಹಿಡಿದಿಡುವ ಗವರ್ನರ್ ಅದು 50ರ ಹತ್ತಿರಕ್ಕೆ ಇಳಿಯಲು ಬಿಡುತ್ತದೆ. ಖಾಲಿ ಇದ್ದಾಗಲೇ 50 ಇದ್ದರೆ ಪಂಪ್ ಹಾಕಿದ ಕೂಡಲೇ 47ಕ್ಕೆ ಕುಸಿಯಬಹುದು.

ಮನೆಗೆ ಕರೆಂಟ್ ಹೋಗುತ್ತಿರುವಾಗ ಅದೇ ಯಂತ್ರದಲ್ಲಿ ಬೆಸುಗೆ ಹಾಕಲೇಬೇಡಿ. ಎಂಜಿನ್ ಒಂದೇ. ಕಡ್ಡಿ ತಾಗಿದಾಗಲೆಲ್ಲ ಮನೆಯ ಕಡೆಯ ವೋಲ್ಟೇಜ್ ಜೋಲಿ ಹೊಡೆಯುತ್ತದೆ.

ನಿವೃತ್ತ ಪವರ್‌ಮ್ಯಾನ್, ಮುಳಬಾಗಿಲು

ಯಂತ್ರದ ಬಗ್ಗೆ ಬಂಗಾರಪೇಟೆಯವರು ಚೆನ್ನಾಗಿ ಹೇಳಿದ್ದಾರೆ. ನಾನು ಆ ಎರಡು ಪ್ಲಗ್ಗಿನ ವೈರಿನ ಬಗ್ಗೆ ಮಾತ್ರ ಬರೆಯುತ್ತೇನೆ. ದಯವಿಟ್ಟು ಮಾಡಿಸಬೇಡಿ. ಮಾಡಿಕೊಡುತ್ತೇನೆ ಎಂದವರಿಗೂ ಹೇಳಿ, ಯಾರಿಗೂ ಮಾಡಿಕೊಡಬೇಡಿ ಎಂದು.

ಗಾಳಿಮಳೆಯ ಮಾರನೇ ಬೆಳಿಗ್ಗೆ ನಾವು ಹೇಗೆ ಕೆಲಸ ಮಾಡುತ್ತೇವೆ ಎಂದು ತಿಳಿದರೆ ನಿಮಗೇ ಅರ್ಥವಾಗುತ್ತದೆ. ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಪಡೆಯುತ್ತೇವೆ, ಟ್ರಾನ್ಸ್‌ಫಾರ್ಮರ್ ಸ್ವಿಚ್ ಇಳಿಸುತ್ತೇವೆ, ಫ್ಯೂಸ್ ಕಳಚುತ್ತೇವೆ. ಆಮೇಲೆ ಕಂಬ ಹತ್ತಿ, ಬೇಲಿಯ ಮೇಲೆ ಬಿದ್ದಿರುವ ತಂತಿಯನ್ನು ಎಳೆದು ಜೋಡಿಸುತ್ತೇವೆ. ನಾವು ಬಂದ್ ಮಾಡಿದ್ದು ಮೇಲಿನಿಂದ ಬರುವ ಕರೆಂಟನ್ನು. ಕೆಳಗೆ ಒಂದು ಮನೆಯೊಳಗಿನಿಂದ ಸರ್ವಿಸ್ ವೈರ್ ಹಿಡಿದು ವಾಪಸು ಬರುವ 230 ವೋಲ್ಟ್‌ಗೆ ನಮ್ಮ ಲೈನ್ ಕ್ಲಿಯರ್ ಕಾಗದ ಏನು ಮಾಡೀತು? ತಂತಿಗಳನ್ನು ಶಾರ್ಟ್ ಮಾಡಿ ಅರ್ತ್ ಹಾಕಿಯೇ ಮುಟ್ಟಬೇಕು ಎಂಬ ನಿಯಮವಿದೆ, ಹಾಕುತ್ತೇವೆ. ಆದರೆ ಅರ್ತ್ ರಾಡ್ ಕಟ್ಟುವುದಕ್ಕೂ ಮೊದಲು ಕೈಗೆ ತಾಗುವ ತಂತಿ ಇರುತ್ತದೆ. ಮಳೆಯಲ್ಲಿ ನೆನೆದ ಕಂಬ, ನೆನೆದ ಬಟ್ಟೆ, ಕೆಳಗೆ ಕೆಸರು.

ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುತ್ತದೆ ಎಂಬುದೂ ನೆನಪಿರಲಿ. ಅದು 11 ಸಾವಿರ ವೋಲ್ಟನ್ನು ಇಳಿಸಿ ನಿಮಗೆ ಕೊಡುತ್ತದೆ. ಕೆಳಗಿನಿಂದ 230 ಕೊಟ್ಟರೆ ಅಷ್ಟೇ ನಿಷ್ಠೆಯಿಂದ ಮೇಲಕ್ಕೆ ಏರಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ಬಂದ ಜಿಲ್ಲೆ ನಮ್ಮದು. ಅಂದಿನಿಂದ ಇಂದಿನವರೆಗೆ ಕಂಬ ಹತ್ತುವವರು ಮನುಷ್ಯರೇ, ಯಂತ್ರವಲ್ಲ.

ಮಾಲೂರು ಹೆಂಚಿನ ಮನೆ

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆ ಎಂದು ತಿಳಿಯಬೇಡಿ. ಆದರೆ ಮೇನ್ ಸ್ವಿಚ್ ಆಫ್ ಮಾಡಿಯೇ ಹಾಕುವುದಲ್ಲವೇ? ನಮ್ಮ ಬೀದಿಯಲ್ಲಿ ಹೀಗೆ ಹಾಕಿಕೊಳ್ಳುವವರು ಇದ್ದಾರೆ. ಒಂದು ವೇಳೆ ಮರೆತರೂ 5 ಕೆವಿಎ ಯಂತ್ರ ಇಡೀ ಊರಿನ ಲೋಡ್ ಎಳೆಯಲಾರದೆ ಅದರ ಬ್ರೇಕರ್ ತಕ್ಷಣ ಬಿದ್ದುಹೋಗುತ್ತದಲ್ಲ?

ಪಾಲಿಟೆಕ್ನಿಕ್ ಬೋಧಕಿ, ಕೋಲಾರ

ಮಾಲೂರಿನವರ ಪ್ರಶ್ನೆ ಒಳ್ಳೆಯದು. ಈ ನಂಬಿಕೆ ಬಹಳ ಕಡೆ ಇದೆ, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಊರಿನ ಲೋಡ್ ಬಿದ್ದು ಬ್ರೇಕರ್ ಇಳಿಯಬೇಕಾದರೆ ನಿಮ್ಮ ಮನೆಯಿಂದ ಊರಿನವರೆಗೆ ತಂತಿ ಕೂಡಿಕೊಂಡಿರಬೇಕು. ಬಿರುಗಾಳಿಯ ದಿನ ಆಗಿರುವುದೇ ತಂತಿ ತುಂಡಾಗಿರುವುದು. ನಿಮ್ಮ ಕಂಬಕ್ಕೂ ಮುಂದಿನ ಕಂಬಕ್ಕೂ ನಡುವೆ ತಂತಿ ಕಡಿದಿದ್ದರೆ ನಿಮ್ಮ ಜನರೇಟರ್‌ಗೆ ಸಿಗುವ ಲೋಡ್ ನಿಮ್ಮ ಮನೆಯದು ಮತ್ತು ಅಕ್ಕಪಕ್ಕದ ಒಂದೆರಡು ಮನೆಗಳದು. ಬ್ರೇಕರ್ ಬೀಳುವುದಕ್ಕೆ ಕಾರಣವೇ ಇಲ್ಲ. ನೆಲದ ಮೇಲೆ ಬಿದ್ದಿರುವ ತುದಿಯಲ್ಲಿ ಪೂರ್ತಿ 230 ವೋಲ್ಟ್ ನಿಂತಿರುತ್ತದೆ. ಒಣಗಿದ ಕೆಂಪು ಮಣ್ಣಿನ ಮೇಲೆ ಬಿದ್ದ ತಂತಿಯಿಂದ ಹರಿಯುವ ಕರೆಂಟ್ ಬ್ರೇಕರ್ ಇಳಿಸುವಷ್ಟು ಇರುವುದಿಲ್ಲ, ಮನುಷ್ಯನ ಅಥವಾ ಹಸುವಿನ ಪ್ರಾಣ ತೆಗೆಯುವುದಕ್ಕೆ ಸಾಕು. ಲೈನಿನವರು ಕೆಲಸಕ್ಕೆ ಬರುವುದೂ ಸರಿಯಾಗಿ ಅದೇ ಜಾಗಕ್ಕೆ.

ಎರಡನೆಯದು, ಆ ವೈರಿನ ಒಂದು ತುದಿಯ ಪ್ಲಗ್ ಜನರೇಟರ್‌ನಲ್ಲಿದ್ದಾಗ ಇನ್ನೊಂದು ತುದಿಯ ಹಿತ್ತಾಳೆ ಪಿನ್ನುಗಳು ಬರಿಮೈಯಲ್ಲಿ ಜೀವಂತವಾಗಿರುತ್ತವೆ. ಕತ್ತಲಲ್ಲಿ ಯಾರಾದರೂ ವೈರ್ ಎಡವಿ ಪ್ಲಗ್ ಕಿತ್ತು ಬಂದರೆ? ಮಗು ಕೈ ಹಾಕಿದರೆ?

ಮೂರನೆಯದು, ಅಡುಗೆಮನೆಯ ಸಾಕೆಟ್‌ಗೆ ಬರುವ ವೈರಿಂಗ್ ಆ ಸಾಕೆಟ್‌ನ ಲೋಡ್‌ಗೆಂದು ಎಳೆದದ್ದು. ಇಡೀ ಮನೆಯ ಕರೆಂಟನ್ನು ಅದರ ಮೂಲಕ ಹಿಂದಕ್ಕೆ ತಳ್ಳುತ್ತಿದ್ದೀರಿ. ಅಷ್ಟರಲ್ಲಿ ಮೇನ್ ಆನ್ ಆಗಿದ್ದು ಊರಿನ ಕರೆಂಟ್ ಬಂದುಬಿಟ್ಟರೆ ಎರಡು ಮೂಲಗಳು ಹೊಂದಾಣಿಕೆ ಇಲ್ಲದೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಜನರೇಟರ್ ಸುಡುವುದು ಖಂಡಿತ, ಬೆಂಕಿ ಹತ್ತಿದರೂ ಆಶ್ಚರ್ಯವಿಲ್ಲ.

ಮೇನ್ ಆಫ್ ಮಾಡುವುದು ಮನುಷ್ಯನ ನೆನಪಿನ ಮೇಲೆ ನಿಂತ ವ್ಯವಸ್ಥೆ. ಈ ವರ್ಷ ನೀವು ಮಾಡುತ್ತೀರಿ, ಮುಂದಿನ ವರ್ಷ ನೀವು ಊರಲ್ಲಿಲ್ಲದಾಗ ಮನೆಯ ಹುಡುಗ ಮಾಡುತ್ತಾನೆ. ಚೇಂಜ್‌ಓವರ್ ಸ್ವಿಚ್ ಇದ್ದರೆ ನೆನಪಿನ ಪ್ರಶ್ನೆಯೇ ಬರುವುದಿಲ್ಲ. ಅದರ ಹಿಡಿ ಒಂದು ಕಡೆ ತಿರುಗಿದರೆ ಲೈನ್, ನಡುವೆ ನಿಂತರೆ ಆಫ್, ಇನ್ನೊಂದು ಕಡೆ ಜನರೇಟರ್. ಒಳಗಿನ ಪಟ್ಟಿಗಳು ಎರಡೂ ಕಡೆ ಏಕಕಾಲಕ್ಕೆ ತಾಗಲು ಸಾಧ್ಯವೇ ಇಲ್ಲದಂತೆ ರಚನೆ ಇರುತ್ತದೆ. ಮೀಟರ್ ಮತ್ತು ಮೇನ್ ಸ್ವಿಚ್ ಆದಮೇಲೆ, ಡಿಬಿಗೆ (ಮನೆಯ ಬ್ರೇಕರ್‌ಗಳಿರುವ ಪೆಟ್ಟಿಗೆ) ಮೊದಲು ಅದನ್ನು ಕೂರಿಸಬೇಕು. ಸಿಂಗಲ್ ಫೇಸ್ ಮನೆಯಾದರೆ ಎರಡು ಪೋಲ್‌ನದು, 40 ಆಂಪಿಯರ್ ಸಾಕು. ಫೇಸ್ ಜೊತೆಗೆ ನ್ಯೂಟ್ರಲ್ ಕೂಡ ಬದಲಾಗಲೇಬೇಕು, ಒಂದೇ ಪೋಲ್‌ನದನ್ನು ಹಾಕಿಸಬೇಡಿ.

ಶ್ರೀನಿವಾಸಪುರ ಫ್ಯಾಬ್ರಿಕೇಷನ್

ಮೇಡಂ, ಹಿರಿಯರೇ, ತುಂಬಾ ಉಪಕಾರವಾಯಿತು. ಆ ವೈರ್ ಮಾಡಿಸುವುದಿಲ್ಲ, ಮಾಡಿಕೊಡುತ್ತೇನೆ ಎಂದವರಿಗೂ ಈ ಚರ್ಚೆಯನ್ನು ಓದಿಸುತ್ತೇನೆ. ನಮ್ಮದು ತ್ರೀ ಫೇಸ್ ಮೀಟರ್. ಕೆಳಗೆ ಅಂಗಡಿ, ಮೇಲೆ ಮನೆ. ಜನರೇಟರ್ ಸಿಂಗಲ್ ಫೇಸ್. ಇದಕ್ಕೆ ಹೇಗೆ?

ಪಾಲಿಟೆಕ್ನಿಕ್ ಬೋಧಕಿ, ಕೋಲಾರ

ನಾಲ್ಕು ಪೋಲ್ ಚೇಂಜ್‌ಓವರ್ ಬೇಕು. ಜನರೇಟರ್ ಕಡೆಯ ಮೂರು ಫೇಸ್ ಟರ್ಮಿನಲ್‌ಗಳನ್ನು ಒಂದಕ್ಕೊಂದು ಲೂಪ್ ಮಾಡಿ ಜನರೇಟರಿನ ಒಂದೇ ಫೇಸನ್ನು ಮೂರಕ್ಕೂ ಕೊಡುವ ಪದ್ಧತಿ ಇದೆ. ಆಗ ಮೂರೂ ಲೈನಿನ ಕರೆಂಟ್ ಕೂಡಿ ಒಂದೇ ನ್ಯೂಟ್ರಲ್‌ನಲ್ಲಿ ವಾಪಸಾಗುತ್ತದೆ, ಆ ವೈರ್ 22 ಆಂಪಿಯರ್ ತಡೆಯುವಷ್ಟು ದಪ್ಪವಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಅಂಗಡಿಯ ತ್ರೀ ಫೇಸ್ ಮೋಟಾರುಗಳು. ಮೂರು ಕಡೆಯೂ ಒಂದೇ ಫೇಸ್ ಸಿಕ್ಕರೆ ಅವು ತಿರುಗುವುದಿಲ್ಲ, ಸುಟ್ಟುಹೋಗುವ ಸಾಧ್ಯತೆ ಇದೆ. ಅವುಗಳನ್ನು ಚೇಂಜ್‌ಓವರ್‌ಗೆ ಮೊದಲೇ ಬೇರೆ ಮಾಡಿಸಿ. ನನ್ನನ್ನು ಕೇಳಿದರೆ, ಮನೆಯ ಭಾಗಕ್ಕೆ ಮಾತ್ರ ಸಣ್ಣ ಡಿಬಿ ಪ್ರತ್ಯೇಕವಾಗಿ ಇಟ್ಟು, ಅದಕ್ಕೊಂದು ಎರಡು ಪೋಲ್ ಸ್ವಿಚ್ ಹಾಕಿಸುವುದೇ ನೆಮ್ಮದಿ.

ಅರ್ತಿಂಗ್ ಬಗ್ಗೆ ಒಂದು ಮಾತು. ಮನೆಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಜನರೇಟರ್ ಮೇಲೂ ಅದು ಕಾಪಾಡುತ್ತದೆ ಎಂದು ನಂಬಿ ಕೂರಬೇಡಿ. ಅನೇಕ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಅನ್ನು ಯಂತ್ರದ ಲೋಹದ ಬಾಡಿಯ ಜೊತೆ ಜೋಡಿಸಿರುವುದಿಲ್ಲ. ಆಗ ಸೋರಿದ ಕರೆಂಟ್ ನೆಲದ ಮೂಲಕ ಜನರೇಟರ್‌ಗೆ ಮರಳುವುದಕ್ಕೆ ದಾರಿಯಿಲ್ಲ, ಆರ್‌ಸಿಸಿಬಿಗೆ ಸುಳಿವು ಸಿಗುವುದಿಲ್ಲ. ಅದರ ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಟಪ್ ಎಂದು ಬೀಳುತ್ತದೆ, ಏಕೆಂದರೆ ಆ ಗುಂಡಿ ಒಳಗಿಂದೊಳಗೇ ಫೇಸ್-ನ್ಯೂಟ್ರಲ್ ನಡುವೆ ಪರೀಕ್ಷೆ ಮಾಡುತ್ತದೆ. ನೆಲದ ದಾರಿಯನ್ನು ಅದು ನೋಡುವುದೇ ಇಲ್ಲ. ಚೇಂಜ್‌ಓವರ್‌ನಲ್ಲಿ ನ್ಯೂಟ್ರಲ್ ಬದಲಾಗುವ ವ್ಯವಸ್ಥೆ ಇದ್ದರೆ, ಜನರೇಟರ್‌ನಲ್ಲಿ ನ್ಯೂಟ್ರಲ್ ಮತ್ತು ಬಾಡಿಯನ್ನು ಕೂಡಿಸಿ ಅರ್ತ್ ರಾಡ್‌ಗೆ ಕಟ್ಟಬಹುದು. ಕೈಪಿಡಿಯನ್ನು ನೋಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನಮ್ಮ ಜಿಲ್ಲೆಯ ಒಣ ನೆಲದಲ್ಲಿ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಹೆಸರಿಗಷ್ಟೇ ಉಳಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಆಗಾಗ ಒಂದೆರಡು ಕೊಡ ನೀರು ಸುರಿಯುವ ರೂಢಿ ಇಟ್ಟುಕೊಳ್ಳಿ.

ಬೇತಮಂಗಲ ಗೃಹಿಣಿ

ನಮ್ಮ ಮನೆಯಲ್ಲೂ ಇಂಥದೇ ಯಂತ್ರವಿದೆ, ಯಜಮಾನರು ಕಟ್ಟಡದ ಕೆಲಸದವರು. ಚೇಂಜ್‌ಓವರ್ ಹಾಕಿಸಿದ್ದೇವೆ. ದಿನವಿಡೀ ಓಡಿಸಬೇಕಾಗಿಲ್ಲ ಅಣ್ಣ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಸಾಕು. ನಾನು ಅನುಸರಿಸುವ ಕ್ರಮ ಹೀಗಿದೆ. ಡಿಬಿಯ ಎಲ್ಲ ಸ್ವಿಚ್ ಇಳಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡುತ್ತೇನೆ. ಮೊದಲು ಸಂಪಿನ 1 ಎಚ್‌ಪಿ ಮೋಟಾರ್. ಅದಕ್ಕೆ ಓಡುವಾಗ ಒಂದು ಕಿಲೋವ್ಯಾಟ್ ಸಾಕು, ಎದ್ದು ನಿಲ್ಲುವಾಗ ಐದಾರು ಪಟ್ಟು ಎಳೆಯುತ್ತದೆ. ಹಾಗಾಗಿ ಆ ಹೊತ್ತಿಗೆ ಬೇರೇನೂ ಇರಬಾರದು. ಟ್ಯಾಂಕ್ ತುಂಬಿ ಮೋಟಾರ್ ಆಫ್ ಆದಮೇಲೆ ಫ್ರಿಜ್, ಅದು ನಿಂತಾಗ ಮಿಕ್ಸಿ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಈ ಲೆಕ್ಕಕ್ಕೇ ಬರುವುದಿಲ್ಲ.

ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ನಾಲ್ಕು ತಾಸು ತಂಪು ಹಿಡಿದಿಡುತ್ತದೆ. ತಂದೆಯವರ ಇನ್ಸುಲಿನ್ ಅನ್ನು ಬಾಗಿಲಿನ ಗೂಡಿನಲ್ಲಿ ಇಡಬೇಡಿ, ನಡುವಿನ ತಟ್ಟೆಯಲ್ಲಿಡಿ. ಫ್ರೀಜರ್‌ನಲ್ಲಂತೂ ಇಡಲೇಬಾರದು.

ಬೋರ್‌ವೆಲ್ ಮೋಟಾರ್ ಕನಸು ಬೇಡ. ಸಾವಿರ ಅಡಿಯಿಂದ ನೀರೆತ್ತುವ ತ್ರೀ ಫೇಸ್ ಪಂಪಿಗೆ ಈ ಯಂತ್ರ ಏನೇನೂ ಸಾಲದು.

ಶ್ರೀನಿವಾಸಪುರ ಫ್ಯಾಬ್ರಿಕೇಷನ್

ಅಕ್ಕ, ನಿಮ್ಮ ಕ್ರಮ ಬರೆದಿಟ್ಟುಕೊಂಡೆ. ಇನ್ವರ್ಟರ್ ಬ್ಯಾಟರಿ ಇದರಿಂದ ಚಾರ್ಜ್ ಆಗುತ್ತದೆಯೇ?

ಬಂಗಾರಪೇಟೆ ಜನರೇಟರ್ ರಿಪೇರಿ

ಆಗುತ್ತದೆ, ಕೆಲವು ಇನ್ವರ್ಟರ್ ಮೊದಲು ಹಟ ಮಾಡುತ್ತವೆ. ವೆಲ್ಡಿಂಗ್ ಯಂತ್ರದ ಕರೆಂಟಿನ ಅಲೆ ಲೈನಿನಷ್ಟು ನುಣುಪಾಗಿರುವುದಿಲ್ಲ. ಇನ್ವರ್ಟರ್ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇದ್ದರೆ ನಾರ್ಮಲ್‌ಗೆ ಹಾಕಿ. ಯುಪಿಎಸ್ ಸ್ಥಾನದಲ್ಲಿ ಅದು ವೋಲ್ಟೇಜ್ ಸ್ವಲ್ಪ ಆಚೀಚೆಯಾದರೂ ಒಪ್ಪುವುದಿಲ್ಲ.

ಲೆಕ್ಕ ನೋಡಿಕೊಳ್ಳಿ. 15 ಆಂಪಿಯರ್‌ನಂತೆ ಮೂರು ತಾಸು ಚಾರ್ಜ್ ಮಾಡಿದರೆ ಬ್ಯಾಟರಿಗೆ ಸೇರುವುದು 45 ಆಂಪಿಯರ್ ಅವರ್, 12 ವೋಲ್ಟ್‌ನಲ್ಲಿ 540 ವ್ಯಾಟ್ ಅವರ್. ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 400. ಕಡಿಮೆ ಕರೆಂಟ್ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬು ನೂರು ವ್ಯಾಟ್ ಎಂದರೆ ನಾಲ್ಕು ತಾಸು. ಹಳೆಯ ಫ್ಯಾನ್‌ಗಳಾದರೆ ಎರಡಕ್ಕೇ ಮುಗಿಯಿತು. ಬ್ಯಾಟರಿ ತುಂಬಿಸುವುದಕ್ಕೆಂದೇ ಈ ಯಂತ್ರ ಓಡಿಸಿದರೆ ನಷ್ಟ. ಅರ್ಧ ಲೋಡ್‌ಗೆ ತಾಸಿಗೆ ಒಂದೂವರೆ ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಈಗಿನ ದರದಲ್ಲಿ ನೂರೈವತ್ತು ರೂಪಾಯಿಗೂ ಮೇಲೆ. ಫ್ರಿಜ್ಜಿಗೆ, ನೀರಿಗೆ ಓಡುವಾಗ ಜೊತೆಯಲ್ಲೇ ಚಾರ್ಜ್ ಆಗಲಿ.

ಕೇಬಲ್ 4 ಚದರ ಮಿಲಿಮೀಟರ್ ತಾಮ್ರದ ಮೂರು ಕೋರ್‌ನದು ತನ್ನಿ. ನಿಮ್ಮ ವೆಲ್ಡಿಂಗ್ ಕೇಬಲ್ ದಪ್ಪವಿದೆ ಎಂದು ಅದನ್ನು ಬಳಸಬೇಡಿ, ಅದರಲ್ಲಿ ಅರ್ತ್ ತಂತಿ ಇಲ್ಲ.

ಚಿಂತಾಮಣಿ ಹುಳು ಮನೆ

ನಮ್ಮದು ರೇಷ್ಮೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಗಾಳಿಯಾಡದಿದ್ದರೆ ಇಡೀ ಬೆಳೆಯೇ ಹೋಗುತ್ತದೆ, ಹಾಗಾಗಿ ಫ್ಯಾನ್‌ಗಳಿಗೆ ಇಂಥದೊಂದು ಯಂತ್ರ ಇಟ್ಟುಕೊಳ್ಳುವ ಯೋಚನೆಯಿದೆ. ಮಳೆ ಬರುತ್ತಿರುವಾಗ ಹುಳು ಮನೆಯ ಜಗಲಿಯಲ್ಲೇ ಇಟ್ಟು ಓಡಿಸಬಹುದೇ?

ನಿವೃತ್ತ ಪವರ್‌ಮ್ಯಾನ್, ಮುಳಬಾಗಿಲು

ಬೇಡ ತಮ್ಮಾ. ಜಗಲಿಯೂ ಬೇಡ, ಶೆಡ್ಡೂ ಬೇಡ, ಮೆಟ್ಟಿಲ ಕೆಳಗೂ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಎಂದುಕೊಂಡು ಮಲಗಿದವರು ಏಳುವುದಿಲ್ಲ. ಕಿಟಕಿ ಬಾಗಿಲಿನಿಂದ ಕನಿಷ್ಠ 20 ಅಡಿ ದೂರದಲ್ಲಿ, ಬಯಲಲ್ಲಿ, ಸೈಲೆನ್ಸರ್ ಬಾಯಿ ಮನೆಯ ವಿರುದ್ಧ ದಿಕ್ಕಿಗೆ ಇರಲಿ. ಮಳೆಗೆ ನಾಲ್ಕು ಕಾಲಿನ ಮೇಲೊಂದು ಶೀಟು ಹಾಕಿ, ಸುತ್ತಲೂ ತೆರೆದಿರಲಿ. ನಿಮ್ಮ ಹುಳುವಿಗೂ ಹೊಗೆ ಆಗದು, ಅದು ನಿಮಗೇ ಚೆನ್ನಾಗಿ ಗೊತ್ತು.

ಪೆಟ್ರೋಲ್ ತುಂಬುವಾಗ ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಬಿಸಿ ಸೈಲೆನ್ಸರ್ ಮೇಲೆ ಚೆಲ್ಲಿದರೆ ಅಷ್ಟೇ. ಕ್ಯಾನ್ ಅನ್ನು ಮನೆಯೊಳಗೆ ಇಡಬೇಡಿ.

ತಂತಿ ನೆಲಕ್ಕೆ ಬಿದ್ದದ್ದು ಕಂಡರೆ ಹತ್ತಿರ ಯಾರನ್ನೂ ಬಿಡದೆ 1912ಕ್ಕೆ ಫೋನ್ ಮಾಡಿ. ಮನೆಯಲ್ಲಿ ಜನರೇಟರ್ ಇದೆ ಎಂಬುದನ್ನು ನಿಮ್ಮ ಊರಿನ ಪವರ್‌ಮ್ಯಾನ್‌ಗೆ ಮೊದಲೇ ತಿಳಿಸಿರಿ, ಚೇಂಜ್‌ಓವರ್ ಕೂರಿಸಿದ ಜಾಗವನ್ನು ಕರೆದು ತೋರಿಸಿ.

ಮಾಲೂರು ಹೆಂಚಿನ ಮನೆ

ನಾಲ್ಕು ಮನೆಗೆ ಒಟ್ಟಿಗೆ ಚೇಂಜ್‌ಓವರ್ ತರಿಸುವುದಕ್ಕೆ ನಮ್ಮ ಬೀದಿಯವರೊಂದಿಗೆ ಮಾತಾಡಿದ್ದೇನೆ. ಇನ್ನೊಂದು ಪ್ರಶ್ನೆ. ಅವರಲ್ಲೊಬ್ಬರು ಹೊರದೇಶದಿಂದ ಬಂದ ಹಳೆಯ ವೆಲ್ಡಿಂಗ್ ಜನರೇಟರ್ ಕೊಳ್ಳಲು ಹೊರಟಿದ್ದಾರೆ. ಪ್ಲೇಟಿನಲ್ಲಿ 120/240 ವೋಲ್ಟ್, 60 ಹರ್ಟ್ಸ್ ಎಂದಿದೆ. ವೇಗ ಕಡಿಮೆ ಮಾಡಿ 50ಕ್ಕೆ ತರಬಹುದು ಎಂದು ಮಾರುವವರು ಹೇಳುತ್ತಿದ್ದಾರೆ.

ಬಂಗಾರಪೇಟೆ ಜನರೇಟರ್ ರಿಪೇರಿ

ಮನೆಗೆಂದು ಕೊಳ್ಳುವುದಾದರೆ ಬೇಡ ಸರ್. 3600 ಸುತ್ತಿನ ಎಂಜಿನ್ನನ್ನು 3000ಕ್ಕೆ ಇಳಿಸಿದರೆ 50 ಹರ್ಟ್ಸ್ ಬರುತ್ತದೆ, ನಿಜ. ಆದರೆ ವೋಲ್ಟೇಜೂ ಅದರ ಜೊತೆ ಇಳಿದು 240 ಇದ್ದದ್ದು 200ಕ್ಕೆ ಬರುತ್ತದೆ. ಎವಿಆರ್ (ವೋಲ್ಟೇಜನ್ನು ತಾನೇ ಹದದಲ್ಲಿಡುವ ಭಾಗ) ಇದ್ದರೆ ಅದು ವೋಲ್ಟೇಜ್ ಎತ್ತಿ ಹಿಡಿಯಲು ಫೀಲ್ಡ್‌ಗೆ ಹೆಚ್ಚು ಕರೆಂಟ್ ನೂಕಿ ವೈಂಡಿಂಗ್ ಕಾಯಿಸುತ್ತದೆ. ಎಂಜಿನ್ನಿನ ಬಲವೂ ಕುಗ್ಗುತ್ತದೆ, ತಂಪು ಮಾಡುವ ಫ್ಯಾನಿನ ಗಾಳಿಯೂ ಕಡಿಮೆಯಾಗುತ್ತದೆ. ಹಾಗೆಯೇ 60ರಲ್ಲಿ ಬಿಟ್ಟರೆ ಸಂಪಿನ ಮೋಟಾರ್ 20 ಶೇಕಡಾ ಜೋರಾಗಿ ತಿರುಗಿ ಅದಕ್ಕೂ ಹೆಚ್ಚು ಲೋಡ್ ಎಳೆಯುತ್ತದೆ.

ಇನ್ನೊಂದು ತೊಡಕಿದೆ. ಅವುಗಳಲ್ಲಿ 240 ವೋಲ್ಟ್ ಬರುವುದು ಎರಡು ಜೀವಂತ ತಂತಿಗಳ ನಡುವೆ, 120 ಮತ್ತು 120 ಸೇರಿ. ನ್ಯೂಟ್ರಲ್ ನಡುವಿನಲ್ಲಿ ಬೇರೆ ಇರುತ್ತದೆ. ನಮ್ಮ ಮನೆಗಳ ನ್ಯೂಟ್ರಲ್ ಜಾಗಕ್ಕೆ ಅದರ ಒಂದು ತಂತಿ ಜೋಡಿಸಿದರೆ, ಸ್ವಿಚ್ ಆಫ್ ಮಾಡಿದ ಮೇಲೂ ಬಲ್ಬಿನ ಹೋಲ್ಡರ್‌ನಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟ್ ಉಳಿಯುತ್ತದೆ. ಬರೀ ಬೆಸುಗೆ ಕೆಲಸಕ್ಕೆ ಬೇಕಿದ್ದರೆ ಕೊಳ್ಳಲಿ, ಮನೆಗೆ 230 ವೋಲ್ಟ್, 50 ಹರ್ಟ್ಸ್ ಎಂದು ಪ್ಲೇಟಿನಲ್ಲೇ ಇರುವ ಯಂತ್ರ ನೋಡಲಿ. ಮುಂಗಡ ಕೊಡುವ ಮೊದಲು ಪ್ಲೇಟಿನ ಫೋಟೋ ಇಲ್ಲಿ ಹಾಕಲು ಹೇಳಿ.